ಹಳೆಯ ಕಾರು ಕೊಳ್ಳಹೊರಟ ತಂಗಿಯ ಮಗಳಿಗೆ

ಮಗೂ,

ಹಳೆಯ ಎಂ.ಜಿ. ಕಾರೊಂದನ್ನು ಕೊಳ್ಳಲೇಬೇಕೆಂದು ನೀನು ಹಟ ಹಿಡಿದಿದ್ದೀಯ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. 'ಅಣ್ಣಾ, ನೀನಾದರೂ ಅವಳಿಗೆ ನಾಲ್ಕು ಮಾತು ಹೇಳು' ಅಂದಳು. ಹೇಳುತ್ತೇನೆ. ಆದರೆ ನನ್ನ ಬಾಯಿಂದ 'ಬೇಡ' ಎಂಬ ಮಾತು ಬರುವುದಿಲ್ಲ. ಮದರಾಸಿನಲ್ಲಿ ನೆಲೆಸಿದ ಮೇಲೆ ನಾನು ಓಡಿಸಿಕೊಂಡು ಬಂದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಟಿ. ನಗರದ ಮನೆಯ ಗೇಟಿನೊಳಗೆ ಅದು ಈಗಲೂ ಇದೆ, ಈಗಲೂ ಓಡುತ್ತದೆ. ಆ ಜಾತಿಯ ಕಾರಿನ ಜೊತೆ ಬಾಳಿದವನ ಮಾತು ಎಂದು ಇದನ್ನು ಓದು. ಆಮೇಲೆ ನಿನಗೆ ಸರಿ ಕಂಡದ್ದನ್ನು ಮಾಡು.

ಮೊದಲು ನಿನ್ನ ಮನಸ್ಸನ್ನೇ ಕೇಳಿಕೋ. ಈ ಕಾರಿನಲ್ಲಿ ನಿನಗೆ ಹಿಡಿಸಿದ್ದು ಏನು? ವೇಗ ಎಂದಾದರೆ ಇಲ್ಲಿಗೇ ಬಿಟ್ಟುಬಿಡು. 1945ರಿಂದ 1949ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎಂ.ಜಿ. ಟಿ.ಸಿ.ಗೆ ಇದ್ದದ್ದು 1250 ಸಿ.ಸಿ. ಎಂಜಿನ್, 54 ಅಶ್ವಶಕ್ತಿ. ಬಾನೆಟ್ಟಿನ ಮೇಲೆ ಎದ್ದು ಕೂತ ದೀಪಗಳಿಂದಾಗಿ 'ಕಪ್ಪೆಗಣ್ಣು' ಎಂದು ಹೆಸರು ಪಡೆದ 1958ರ ಆಸ್ಟಿನ್ ಹೀಲಿ ಸ್ಪ್ರೈಟಿಗೆ 948 ಸಿ.ಸಿ., 43 ಅಶ್ವಶಕ್ತಿ. ನೀನು ದಿನಾ ಆಫೀಸಿಗೆ ತೆಗೆದುಕೊಂಡು ಹೋಗುವ ಕಾರಿಗೆ ಇವೆರಡಕ್ಕಿಂತ ಹೆಚ್ಚು ಶಕ್ತಿಯಿದೆ. ಆದರೂ ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದವರು ಟಿ.ಸಿ.ಗೆ ಮನಸೋತರು. ಆ ಕಾರಿನ ಸ್ಟಿಯರಿಂಗ್ ಬಲಗಡೆ ಮಾತ್ರ ಇತ್ತು, ಅವರ ರಸ್ತೆಗೆ ಅದು ಹೊಂದುವುದೇ ಇಲ್ಲ. ಅದನ್ನೂ ಲೆಕ್ಕಿಸದೆ ಹಡಗಿನಲ್ಲಿ ತರಿಸಿಕೊಂಡರು. ಒಟ್ಟು ತಯಾರಾದದ್ದೇ ಸುಮಾರು 10,000 ಕಾರು.

ಇದಕ್ಕೆ ಕಾರಣ ಕಾರಿನ ಅಳತೆಯಲ್ಲಿದೆ. ಕಾರು ಚಿಕ್ಕದು, ಹಗುರ, ಸೀಟು ನೆಲಕ್ಕೆ ಹತ್ತಿರ. ಗಂಟೆಗೆ ಐವತ್ತು ಕಿಲೋಮೀಟರ್ ಹೋಗುವಾಗಲೂ ರಸ್ತೆಯ ಏರುತಗ್ಗು ಸ್ಟಿಯರಿಂಗ್ ಹಿಡಿದ ಕೈಗೆ ತಿಳಿಯುತ್ತದೆ. ಗೇರ್ ಬದಲಾಯಿಸಿದ್ದು ಸರಿಯಾಯಿತೋ ಇಲ್ಲವೋ ಎಂದು ಕಿವಿಯೇ ಹೇಳುತ್ತದೆ. ಓಡಿಸುವವರು ಎಚ್ಚರವಾಗಿರಲೇಬೇಕು. ಆ ಎಚ್ಚರದಲ್ಲಿ ಒಂದು ಸಂತೋಷವಿದೆ. ಈಗಿನ ಕಾರುಗಳು ನಮ್ಮ ಸುಖಕ್ಕಾಗಿಯೇ ಆ ಎಚ್ಚರವನ್ನು ನಮ್ಮಿಂದ ತೆಗೆದುಕೊಂಡಿವೆ.

ಇನ್ನೂ ದೊಡ್ಡ ಕಾರಣ ಬಾನೆಟ್ಟಿನ ಕೆಳಗಿದೆ. ಈ ಕಾರುಗಳ ಎಸ್.ಯು. ಕಾರ್ಬೊರೇಟರನ್ನು ಒಮ್ಮೆ ಹತ್ತಿರದಿಂದ ನೋಡು. ಮೇಲೊಂದು ಗುಮ್ಮಟದಂಥ ಭಾಗ, ಅದರ ತುದಿಗೆ ಒಂದು ಮುಚ್ಚಳ. ಬೆರಳಿನಲ್ಲೇ ತಿರುಗಿಸಿ ಮುಚ್ಚಳ ಎತ್ತಿದರೆ ಅದರ ಜೊತೆ ಸಣ್ಣ ಸರಳೊಂದು ಮೇಲೆ ಬರುತ್ತದೆ. ಅದು ಅದ್ದಿಕೊಂಡಿದ್ದ ಕೊಳವೆಯಲ್ಲಿ ತೆಳು ಎಣ್ಣೆ ಇರಬೇಕು. ಗುಮ್ಮಟದ ಒಳಗೆ ಒಂದು ಪಿಸ್ಟನ್. ಎಂಜಿನ್ ಗಾಳಿ ಎಳೆದುಕೊಂಡಷ್ಟೂ ಅದು ಮೇಲೇರುತ್ತದೆ. ಅದರ ಕೆಳಗೆ ಕೂರಿಸಿದ ಚೂಪಾದ ಸೂಜಿಯೂ ಜೊತೆಗೆ ಏರಿ ಪೆಟ್ರೋಲಿಗೆ ಹೆಚ್ಚು ದಾರಿ ಬಿಡುತ್ತದೆ. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ ಪಿಸ್ಟನ್ ಛಂಗನೆ ಜಿಗಿಯದಂತೆ ಆ ಎಣ್ಣೆ ತಡೆಯುತ್ತದೆ. ಇಷ್ಟೇ. ಒಂದು ಮಧ್ಯಾಹ್ನದಲ್ಲಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬಹುದು. ಹಾಗೆ ಒಮ್ಮೆ ಮಾಡಿದವರು ಆ ಕಾರನ್ನು ಸುಲಭಕ್ಕೆ ಮಾರುವುದಿಲ್ಲ. ಇಡೀ ಯಂತ್ರ ಒಬ್ಬ ಮನುಷ್ಯನ ತಿಳುವಳಿಕೆಗೆ, ಒಬ್ಬ ಮನುಷ್ಯನ ಕೈಗೆ ಸಿಗುವಷ್ಟಿದೆ. ಒಡೆಯರನ್ನು ಕಟ್ಟಿಹಾಕುವುದು ಇದೇ. ನಿನಗೂ ಇದು ಬೇಕೆನ್ನಿಸಿದರೆ ಮುಂದಿನ ಮಾತುಗಳು ನಿನಗೆ.

ಚೆನ್ನೈಯಲ್ಲಿ ಎಂ.ಜಿ. ಸ್ಪೋರ್ಟ್ಸ್ ಕಾರುಗಳು ಯಾಕೆ ಇಷ್ಟು ಕಡಿಮೆ ಎಂದು ಮೊದಲು ತಿಳಿದುಕೋ. ಸ್ವಾತಂತ್ರ್ಯಕ್ಕೆ ಮುಂಚೆ ಮತ್ತು ಅದರ ಬೆನ್ನಿಗೇ ಬ್ರಿಟಿಷ್ ಕಂಪನಿಗಳ ಅಧಿಕಾರಿಗಳು, ತೋಟದ ದೊರೆಗಳು, ಕೆಲವು ಸಂಸ್ಥಾನಿಕರು ತರಿಸಿಕೊಂಡಿದ್ದು ಕೆಲವು. 1950ರ ದಶಕದಲ್ಲಿ ಸರ್ಕಾರ ಆಮದಿನ ಬಾಗಿಲು ಹಾಕಿತು. ಬಿಡಿಭಾಗ ತಂದು ಜೋಡಿಸಿ ಮಾರುವವರಿಗೆ ಜಾಗವಿಲ್ಲ, ಇಲ್ಲೇ ತಯಾರಿಸುವವರಿಗೆ ಮಾತ್ರ ಅನುಮತಿ ಎಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಆಗಲೇ ಕಾರು ಜೋಡಣೆ ನಿಲ್ಲಿಸಿ ಹೊರಟದ್ದು. ಆಮೇಲೆ ವಿದೇಶಿ ಸ್ಪೋರ್ಟ್ಸ್ ಕಾರು ಸಿಗುತ್ತಿದ್ದದ್ದು ರಾಯಭಾರಿ ಕಚೇರಿಗಳವರು ಬಿಟ್ಟುಹೋದದ್ದನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಶನ್ ಹರಾಜಿಗಿಟ್ಟಾಗ. ಹಾಗಾಗಿ ಇಂದು ಮಾರಾಟಕ್ಕೆ ಬರುವ ಪ್ರತಿಯೊಂದು ಎಂ.ಜಿ.ಗೂ ಒಂದು ಉದ್ದನೆಯ ಚರಿತ್ರೆ, ಕೆಲವೊಮ್ಮೆ ತೊಡಕಿನ ಕಾಗದಪತ್ರ, ಯಾವಾಗಲೂ ಭಾರಿ ಬೆಲೆ.

ಅದಕ್ಕೇ ನಿನಗೆ ಒಂದು ಸಲಹೆ. ಮೊದಲ ಕಾರು ಎಂ.ಜಿ. ಆಗಬೇಕಿಲ್ಲ. ಅದರ ವಂಶಕ್ಕೆ ಹತ್ತಿರವಾದದ್ದು ಈ ಊರಿನಲ್ಲೇ ಹುಟ್ಟಿದೆ.

ವಂಡಲೂರಿನ ಬಳಿ ಜಿ.ಎಸ್.ಟಿ. ರಸ್ತೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಾರ್ಖಾನೆ ಇತ್ತು. ಇಂಗ್ಲೆಂಡಿನ ಕಾವೆಂಟ್ರಿಯ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯೂ ಮದರಾಸಿನ ಯೂನಿಯನ್ ಕಂಪನಿಯೂ ಕೂಡಿ ಕಟ್ಟಿದ್ದು. ಅಲ್ಲಿ 1961ರಲ್ಲಿ ಹೆರಾಲ್ಡ್ ತಯಾರಿಕೆ ಶುರುವಾಯಿತು. ಅದರ ರೂಪ ಬರೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಇಂಗ್ಲೆಂಡಿನಲ್ಲಿ ಅದು 1959ರ ಟ್ರಯಂಫ್ ಹೆರಾಲ್ಡ್. ಆ ಹೊತ್ತಿಗೆ ಬೇರೆ ಕಂಪನಿಗಳೆಲ್ಲ ಬಾಡಿಯೂ ಚಾಸಿಯೂ ಒಂದೇ ಆದ ಕಾರು ಮಾಡತೊಡಗಿದ್ದವು. ಕಾವೆಂಟ್ರಿಯ ಕಂಪನಿಗೆ ಬಾಡಿ ಒದಗಿಸುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಕೊಂಡಿತ್ತು. ಬೇರೆ ದಾರಿಯಿಲ್ಲದೆ ಕೆಳಗೊಂದು ಚಾಸಿ ಇಟ್ಟು, ಅದರ ಮೇಲೆ ಬಾಡಿಯನ್ನು ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದರು. ಆ ಅನಿವಾರ್ಯವೇ ನಮಗೆ ವರವಾಯಿತು. ಹಾಗೆ ಕಟ್ಟಿದ ಕಾರನ್ನು ದೂರದ ಊರಿನಲ್ಲಿ ತಯಾರಿಸುವುದು ಸುಲಭ, ದುರಸ್ತಿ ಇನ್ನೂ ಸುಲಭ. ಬಾನೆಟ್ಟು, ಮಡ್‌ಗಾರ್ಡು, ದೀಪ ಎಲ್ಲ ಸೇರಿ ಮುಂಭಾಗವೇ ಒಟ್ಟಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತುಕೊಂಡೇ ಎಂಜಿನ್ ಕೆಲಸ ಮಾಡಬಹುದು. 25 ಅಡಿಯೊಳಗೆ ಇಡೀ ಕಾರು ತಿರುಗುತ್ತದೆ. ಮೈಲಾಪುರದ ಮಾಡ ಬೀದಿಗಳಲ್ಲಿ ಈ ಗುಣದ ಬೆಲೆ ಗೊತ್ತಾಗುತ್ತದೆ.

ಈಗ ನಿನಗೆ ಬೇಕಾದ ಮಾತು. ಇದೇ ಹೆರಾಲ್ಡಿನ ಚಾಸಿಯನ್ನು ಮೊಟಕು ಮಾಡಿ, ಅದೇ ಮಿಕೆಲೊಟ್ಟಿಯ ಕೈಯಲ್ಲಿ ಎರಡು ಸೀಟಿನ ಮೈ ಬರೆಸಿ, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೊರತಂದರು. 1980ರವರೆಗೆ ಅದು ಮೂರು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಬ್ರಿಟನ್ನಿನ ಪುಟ್ಟ ಸ್ಪೋರ್ಟ್ಸ್ ಕಾರುಗಳಲ್ಲಿ ಎಂ.ಜಿ. ಮಿಜೆಟ್‌ಗೆ ಸಮಜೋಡಿ ಅದೇ. ಸ್ಪಿಟ್‌ಫೈರಿನ ಸ್ಟಿಯರಿಂಗ್, ಮುಂದಿನ ಚಕ್ರದ ಜೋಡಣೆ, ಮಗುಚುವ ಬಾನೆಟ್ಟು ಎಲ್ಲ ಹೆರಾಲ್ಡಿನಿಂದ ಹೋದವು. ಹೆರಾಲ್ಡನ್ನು ಸಾಕಿ ಕಲಿತವಳಿಗೆ ನಾಳೆ ಸ್ಪಿಟ್‌ಫೈರ್ ಸಿಕ್ಕರೆ ಹೊಸದಾಗಿ ಕಲಿಯಬೇಕಾದದ್ದು ಬಹಳ ಇರುವುದಿಲ್ಲ.

ನಮ್ಮ ಕನ್ನಡದವರಿಗೆ ಹೆರಾಲ್ಡಿನ ಕಾಲದ ಇನ್ನೊಂದು ನೆನಪೂ ಇದೆ. ಉಡುಪಿಯ ಕಡೆಯಿಂದ ಬಂದು ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕೆ. ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ಹೋಟೆಲು ತೆರೆದರು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಬಂದು ಕೂರುತ್ತಿತ್ತು, ದೋಸೆ, ಕಾಫಿ ಎಲ್ಲ ಕಾರಿನಲ್ಲೇ. ಹೆರಾಲ್ಡು, ಫಿಯೆಟ್ಟು, ಅಂಬಾಸಿಡರು ಸಾಲಾಗಿ ನಿಂತಿರುತ್ತಿದ್ದವು. 2008ರಲ್ಲಿ ಅದು ಮುಚ್ಚಿತು. ಆ ಜಾಗ ಈಗ ಸೆಮ್ಮೊಳಿ ಪೂಂಗಾ ಉದ್ಯಾನ. ಹೆರಾಲ್ಡ್ ಕಾರ್ಖಾನೆಯೂ 1980ರ ದಶಕದ ಕೊನೆಗೆ ನಿಂತುಹೋಯಿತು. ಆದರೆ ಆ ಕಾಲ ಬಿಟ್ಟುಹೋದ ಕಸುಬು ಇನ್ನೂ ಈ ಊರಿನಲ್ಲಿದೆ, ಅದನ್ನು ನೀನು ಬಳಸಿಕೊಳ್ಳಬೇಕು. ಸೆಂಬಿಯಂನಲ್ಲಿ ಇಂಡಿಯಾ ಪಿಸ್ಟನ್ಸ್ 1949ರಲ್ಲೇ ಬಂತು. ಅಂಬತ್ತೂರಿಗೆ ಡನ್‌ಲಪ್ ಟೈರು, ಪಾಡಿಗೆ 1961ರಲ್ಲಿ ಲೂಕಾಸ್ ಟಿ.ವಿ.ಎಸ್. ಬಂದವು. ಬ್ರಿಟಿಷ್ ಕಾರುಗಳ ಒಳಭಾಗಗಳನ್ನು ಅರಿತ ಕೆಲಸಗಾರರ ಒಂದು ತಲೆಮಾರೇ ಇಲ್ಲಿ ತಯಾರಾಯಿತು. ಶೋಳಾವರಂನ ಯುದ್ಧಕಾಲದ ಹಳೆಯ ವಿಮಾನ ಓಡುದಾರಿಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ರೇಸು ನಡೆಸುತ್ತಿದ್ದಾಗ ಈ ಮೇಸ್ತ್ರಿಗಳೇ ರಾತ್ರಿ ಹಗಲು ಎಂಜಿನ್ ಬಿಚ್ಚಿ ಕಟ್ಟುತ್ತಿದ್ದರು. ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳಲ್ಲಿ, ಪುದುಪೇಟೆಯ ಗುಜರಿ ಸಾಲುಗಳಲ್ಲಿ ಕೇಳಿದರೆ ಇನ್ನೂ ದಾರಿ ತೋರಿಸುವವರು ಸಿಗುತ್ತಾರೆ.

ಕಾರು ಹುಡುಕುವಾಗ ಬಣ್ಣ ನೋಡಬೇಡ, ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೋ. ಬಾಗಿಲಿನ ಕೆಳಭಾಗ, ಮಡ್‌ಗಾರ್ಡಿನ ಅಂಚು, ದೀಪದ ಸುತ್ತ ಹಿಡಿದು ನೋಡು. ಅಯಸ್ಕಾಂತ ಅಂಟದ ಕಡೆ ತಗಡು ಹೋಗಿ ಪುಟ್ಟಿ ತುಂಬಿದ್ದಾರೆ ಎಂದೇ ಲೆಕ್ಕ. ಕಾರನ್ನು ಪಿಟ್ಟಿನ ಮೇಲೆ ನಿಲ್ಲಿಸಲು ಹೇಳು. ಹೆರಾಲ್ಡಿನಲ್ಲಿ ಚಾಸಿಯಿಂದ ಎರಡೂ ಪಕ್ಕಕ್ಕೆ ಚಾಚಿರುವ ಕೈಗಳು ಮೊದಲು ತುಕ್ಕು ಹಿಡಿಯುತ್ತವೆ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಠಣ್ ಎನ್ನಬೇಕು. ಬೆಸೆಂಟ್ ನಗರ, ಸಾಂತೋಮ್ ಕಡೆ ಸಮುದ್ರದ ಗಾಳಿಗೆ ನಿಂತಿದ್ದ ಕಾರಾದರೆ ಇನ್ನೂ ಗಮನವಿಟ್ಟು ನೋಡು. 2015ರ ಡಿಸೆಂಬರಿನ ನೆರೆಯಲ್ಲಿ ಮುಳುಗಿತ್ತೇ ಎಂದು ನೇರವಾಗಿ ಕೇಳು. ಎಂ.ಜಿ.ಯ ಟಿ ಸಾಲಿನ ಕಾರುಗಳಾದರೆ ತಗಡಿನ ಒಳಗೆ ಮರದ ಚೌಕಟ್ಟಿದೆ. ಬಾಗಿಲು ತೆರೆದು ಹಿಡಿದು ಮೆಲ್ಲಗೆ ಮೇಲಕ್ಕೆತ್ತು. ಕಂಬವೇ ಅಲುಗಿದರೆ ಒಳಗಿನ ಮರ ಹೋಗಿದೆ. ಆಗ ನಿನಗೆ ಮೆಕ್ಯಾನಿಕ್ಕಿಗಿಂತ ಮುಂಚೆ ಒಳ್ಳೆಯ ಬಡಗಿ ಬೇಕು.

ಕಾಗದಪತ್ರದ ವಿಷಯದಲ್ಲಿ ಕಣ್ಣು ಮುಚ್ಚಬೇಡ. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿ ಪುಸ್ತಕದ ಜೊತೆ ಅಕ್ಷರ ಬಿಡದೆ ಹೊಂದಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದು ನಿಯಮ ಮಾಡಿತು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಕಾರಿಗೆ 20,000 ರೂಪಾಯಿ ಶುಲ್ಕದಲ್ಲಿ 10 ವರ್ಷದ ನೋಂದಣಿ ಕೊಡುತ್ತಾರೆ. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥದ್ದಕ್ಕೆ ಮಾತ್ರ ಹೊರಗೆ ತೆಗೆಯಬಹುದು. ನೀನು ಓಡಿಸಲೆಂದು ಕೊಳ್ಳುವವಳಾದ್ದರಿಂದ, ಹಳೆಯ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಂಡು ಬಂದ ಕಾರನ್ನು ಹುಡುಕು. ಬೆಲೆ ಸ್ವಲ್ಪ ಹೆಚ್ಚಾದರೂ ಅದೇ ಲಾಭ.

ಕಾರು ಮನೆಗೆ ಬಂದ ಮೇಲೆ ಮೊದಲು ಸ್ಪ್ಯಾನರ್ ಸೆಟ್ಟು ಕೊಳ್ಳು. ಹೆರಾಲ್ಡಿಗೆ, ಸ್ಪಿಟ್‌ಫೈರಿಗೆ ಎ.ಎಫ್. ಅಳತೆಯವು ಸಾಕು. ಎಂ.ಜಿ. ಟಿ.ಸಿ.ಯ ಎಂಜಿನ್ನಿನಲ್ಲಿ ಬೋಲ್ಟಿನ ಎಳೆ ಮೆಟ್ರಿಕ್ ಅಳತೆಯದು, ತಲೆ ಮಾತ್ರ ವಿಟ್‌ವರ್ತ್ ಅಳತೆಯದು. ಕೈಗೆ ಸಿಕ್ಕ ಬೋಲ್ಟು ಹಾಕಿದರೆ ಎಂಜಿನ್ನಿನ ಎಳೆಯೇ ಕಿತ್ತುಹೋಗುತ್ತದೆ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿಡುವ ಅಭ್ಯಾಸ ಮಾಡಿಕೋ.

ಹೆರಾಲ್ಡ್ ಕೊಂಡರೆ ಒಂದು ಮಾತು ಮರೆಯಲೇಬೇಡ. ಮುಂದಿನ ಚಕ್ರವನ್ನು ಹಿಡಿದ ಉಕ್ಕಿನ ಕಂಬದ ಕೆಳತುದಿ ಟ್ರನಿಯನ್ ಎಂಬ ಕಂಚಿನ ತುಂಡಿನೊಳಕ್ಕೆ ತಿರುಪಿನಂತೆ ಕೂತಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಎಳೆ ಒಳಗೆ ತಿರುಗುತ್ತದೆ. ಅಲ್ಲಿಗೆ ಬೇಕಾದದ್ದು 90ರ ಗೇರ್ ಆಯಿಲ್. ಶೆಡ್ಡಿನ ಹುಡುಗರು ಅಭ್ಯಾಸಬಲದಿಂದ ಗ್ರೀಸ್ ಗನ್ ಹಿಡಿದು ಗ್ರೀಸ್ ತುಂಬುತ್ತಾರೆ. ಗ್ರೀಸು ಎಳೆಯ ತಳಕ್ಕೆ ಇಳಿಯುವುದಿಲ್ಲ. ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬ ಮುರಿದು ಚಕ್ರ ಕಾರಿನ ಕೆಳಕ್ಕೆ ಮಡಿಚಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎದುರಿಗೆ ನಿಂತು ಎಣ್ಣೆ ಹಾಕಿಸು. ನೀನೇ ಹಾಕಿದರೆ ಇನ್ನೂ ಒಳ್ಳೆಯದು.

ಪೆಟ್ರೋಲಿನ ವಿಷಯವೂ ಹೊಸದಾಗಿ ಕಲಿಯಬೇಕಾದದ್ದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದಕ್ಕೆ ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಕಾರು ತಂದ ವಾರದಲ್ಲೇ ಎಥೆನಾಲ್ ತಡೆಯುವ ಪೈಪು ಹಾಕಿಸು, ಕೈಗೆ ಸಿಗುವ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಡು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕಾರು ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ಒಳಗೇ ತುಕ್ಕು. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಹಳೆಯ ವಾಲ್ವ್ ಸೀಟಿಗೆ ಸೀಸ ಕೊಡುತ್ತಿದ್ದ ರಕ್ಷಣೆಯೂ ತಪ್ಪಿತು. ಎಂಜಿನ್ ಬಿಚ್ಚುವ ಕೆಲಸ ಬಂದಾಗ ಗಟ್ಟಿ ವಾಲ್ವ್ ಸೀಟು ಹಾಕಿಸಿಬಿಡು.

ಓಡಿಸುವಾಗ ಕಾರಿನ ವಯಸ್ಸು ನೆನಪಿಡು. ಹೆರಾಲ್ಡಿನ ಬ್ರೇಕು ಡ್ರಮ್ಮಿನದು, ಅದೂ ಒಂದೇ ಪೈಪಿನ ಸಾಲು. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ, ಕೈ ಬ್ರೇಕೊಂದೇ ಗತಿ. ಹಾಗಾಗಿ ಬ್ರೇಕಿನ ರಬ್ಬರುಗಳಲ್ಲಿ ಉಳಿತಾಯ ಮಾಡಬೇಡ. ಹಳೆಯ ಹೆರಾಲ್ಡಿನ, ಸ್ಪಿಟ್‌ಫೈರಿನ ಹಿಂದಿನ ಚಕ್ರಗಳು ತಿರುವಿನಲ್ಲಿ ಒಳಕ್ಕೆ ಮಡಿಚಿಕೊಳ್ಳುವ ಸ್ವಭಾವದವು. ತಿರುವಿಗೆ ಮುಂಚೆಯೇ ವೇಗ ಇಳಿಸು, ತಿರುವಿನ ನಡುವೆ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆಯಬೇಡ. ಸೀಟ್ ಬೆಲ್ಟು ಇಲ್ಲದಿದ್ದರೆ ಕಟ್ಟಿಸು. ಮೇ ತಿಂಗಳ ಮಧ್ಯಾಹ್ನ ಓ.ಎಂ.ಆರ್. ಟ್ರಾಫಿಕ್ಕಿನಲ್ಲಿ ಇದನ್ನು ನಿಲ್ಲಿಸಿಕೊಂಡು ನರಳಿಸಬೇಡ, ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಾರು ನಿಂತುಬಿಡುತ್ತದೆ. ಭಾನುವಾರ ಬೆಳಗಾಗುವ ಮುಂಚೆ ಹೊರಡು. ಈ.ಸಿ.ಆರ್.ನಲ್ಲಿ ಮಹಾಬಲಿಪುರದವರೆಗೆ ಹೋಗಿ, ಬಿಸಿಲೇರುವ ಮೊದಲು ಮನೆ ಸೇರು. ಎಂಜಿನ್ ಪೂರ್ತಿ ಬಿಸಿಯಾಗಿ, ಎಣ್ಣೆ ಎಲ್ಲ ಕಡೆ ಹರಿದು, ಬ್ಯಾಟರಿ ತುಂಬಿ, ಬ್ರೇಕ್ ಬಿಗಿದುಕೊಳ್ಳದೆ ಇರಲು ವಾರಕ್ಕೆ ಇಂಥದೊಂದು ಓಟ ಬೇಕೇಬೇಕು. ನಿಂತ ಕಾರು ಹಾಳಾಗುವಷ್ಟು ಓಡಿದ ಕಾರು ಹಾಳಾಗುವುದಿಲ್ಲ.

ಹಣದ ಮಾತು ಒಂದು. ಇಂಥ ಕಾರು ಬೆಲೆ ಏರುವ ಆಸ್ತಿ ಎಂದು ನಿನಗೆ ಹೇಳುವವರು ಸಿಗುತ್ತಾರೆ. ಆ ಲೆಕ್ಕದಲ್ಲಿ ಕೊಂಡವರು ಗೀರು ಬೀಳುತ್ತದೆಂದು ಹೆದರಿ ಕಾರನ್ನು ಶೆಡ್ಡಿನಿಂದ ತೆಗೆಯುವುದೇ ಇಲ್ಲ. ಕೊನೆಗೆ ಕಾರೂ ಇಲ್ಲ, ಸಂತೋಷವೂ ಇಲ್ಲ. ಕೊಳ್ಳುವ ಹಣದ ಜೊತೆ ಮೊದಲ ವರ್ಷದ ರಿಪೇರಿಗೆಂದು ಇನ್ನೊಂದು ಮೊತ್ತ ತೆಗೆದಿಡು. ಅದಿಲ್ಲದಿದ್ದರೆ ಇನ್ನೊಂದು ವರ್ಷ ಕಾದುಕೋ. ಸಾಲ ಮಾಡಿ ಮಾತ್ರ ಕೊಳ್ಳಬೇಡ. ಮೂಲದ ಸೀಟು, ಮೀಟರು, ಸ್ಟಿಯರಿಂಗ್ ಚಕ್ರ ಕಿತ್ತು ಥಳಥಳಿಸುವ ಹೊಸದು ಹಾಕಿಸುವ ಆಸೆಗೆ ಬೀಳಬೇಡ. ಒಮ್ಮೆ ಗುಜರಿಗೆ ಹೋದದ್ದು ಮತ್ತೆ ಸಿಗುವುದಿಲ್ಲ.

ನಿರ್ಧಾರ ಮಾಡುವ ಮುಂಚೆ ಬೇರೆಯವರ ಕಾರುಗಳನ್ನು ನೋಡು. ಮದ್ರಾಸ್ ಹೆರಿಟೇಜ್ ಮೋಟರಿಂಗ್ ಕ್ಲಬ್ಬಿನವರು ನಡೆಸುವ ಪ್ರದರ್ಶನಕ್ಕೆ ಹೋಗು, ಒಡೆಯರ ಜೊತೆ ಮಾತಾಡು. ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಟ್ರಸ್ಟಿನ ಕಾರು ಸಂಗ್ರಹಾಲಯವಿದೆ. ಊರಿಗೆ ಹೋದಾಗ ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಕಾರುಗಳ ಸಂಗ್ರಹ ನೋಡು. ಕಣ್ಣಿಗೆ ಚೆಂದ ಕಂಡದ್ದಕ್ಕೂ ಕೈಯಲ್ಲಿ ಸಾಕುವುದಕ್ಕೂ ಇರುವ ಅಂತರ ಒಡೆಯರ ಮಾತಿನಲ್ಲೇ ತಿಳಿಯುತ್ತದೆ.

ಇನ್ನು ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ಈ ಕಾರುಗಳನ್ನು ಕಿವಿಯಿಂದಲೇ ಟ್ಯೂನ್ ಮಾಡಬಲ್ಲ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ಅದು ತಪ್ಪೂ ಅಲ್ಲ. ಬಿಡಿಭಾಗ ಇಂಗ್ಲೆಂಡಿನಿಂದ ಪಾರ್ಸೆಲಿನಲ್ಲಿ ಬಂದೀತು. ಈ ತಿಳುವಳಿಕೆ ಯಾವ ಪಾರ್ಸೆಲಿನಲ್ಲೂ ಬರುವುದಿಲ್ಲ. ಕಾರನ್ನು ಶೆಡ್ಡಿಗೆ ಬಿಟ್ಟು ಬಂದು 'ಆಯಿತಾ' ಎಂದು ಫೋನ್ ಮಾಡುವವಳಾಗಬೇಡ. ಒಂದು ಸ್ಟೂಲು ಎಳೆದುಕೊಂಡು ಮೇಸ್ತ್ರಿಯ ಪಕ್ಕ ಕೂರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳು, ಒಂದು ಪುಸ್ತಕದಲ್ಲಿ ಬರೆದಿಡು. ನಿನ್ನ ತಮಿಳು ಅಷ್ಟಕ್ಕಷ್ಟೇ ಆದರೂ ಚಿಂತೆಯಿಲ್ಲ, ಕಲಿಯಲು ಬಂದವರನ್ನು ಅವರು ತಿರುಗಿಸಿ ಕಳಿಸಿದ್ದನ್ನು ನಾನು ಕಂಡಿಲ್ಲ. ಅವರಿಗೆ ತಕ್ಕ ಕೂಲಿಯನ್ನು ಚೌಕಾಸಿ ಮಾಡದೆ ಕೊಡು.

ವಾರಕ್ಕೆ ಅರ್ಧ ದಿನ ಕೈ ಮಸಿ ಮಾಡಿಕೊಳ್ಳಲು ನೀನು ತಯಾರಿದ್ದರೆ ಕೊಳ್ಳು. ಮೊದಲು ಹೆರಾಲ್ಡ್, ಆಮೇಲೆ ಎಂ.ಜಿ. ನಿನ್ನ ಅಮ್ಮನನ್ನು ಒಪ್ಪಿಸುವ ಹೊಣೆ ನನ್ನದು. ಆ ಅರ್ಧ ದಿನ ನಿನ್ನಲ್ಲಿ ಇಲ್ಲವೆಂದಾದರೆ, ಆ ಕಾರನ್ನು ಓಡಿಸಬಲ್ಲ ಇನ್ನೊಬ್ಬರಿಗೆ ಬಿಟ್ಟುಕೊಡು.